ಐ ಚಿಂಗ್ ಈಶಾನ್ಯ ಬೇಡ ಅಂತಿದೆ, ಮಳಿಗೆ ಬಿಡಲಾ?

ಪ್ರಶ್ನೆ: ಮೇಡಂ, ಬೇಕರಿ ಹಾಕಬೇಕೆಂದು ಒದ್ದಾಡುತ್ತಿದ್ದೇನೆ. ಸಾಲದ ಅರ್ಜಿ ಎರಡು ಸಲ ವಾಪಸ್ ಬಂತು. ಬೇಸರದಲ್ಲಿ ಚೀನೀಯರ ಹಳೆಯ ಶಕುನದ ಪುಸ್ತಕ ಐ ಚಿಂಗ್ ಪ್ರಕಾರ ನಾಣ್ಯ ಹಾಕಿದೆ, ಒಂದೊಂದು ಸಲಕ್ಕೆ ಒಂದೊಂದು ಗೆರೆಯಂತೆ ಆರು ಗೆರೆ. 39ನೇ ಚಿಹ್ನೆ ಬಂತು, ‘ಅಡ್ಡಿ’. ಐದನೇ ಗೆರೆಗೆ 9. ನೈರುತ್ಯ ಒಳ್ಳೆಯದು, ಈಶಾನ್ಯ ಬೇಡ ಎಂದಿದೆ. ನಾನು ನೋಡಿಟ್ಟ ಮಳಿಗೆ ಊರಿನ ಈಶಾನ್ಯಕ್ಕಿದೆ! ನಮ್ಮಲ್ಲಿ ಅದು ದೇವಮೂಲೆ ಅಲ್ವಾ? ಮತ್ತೊಮ್ಮೆ ನಾಣ್ಯ ಹಾಕಿ ನೋಡಲಾ? ಹರಿಹರದಲ್ಲಿ ಬೇಕರಿ ಇಟ್ಟಿರುವ ಬಾಮೈದನನ್ನು ಕೇಳಿ ಅಂತಾಳೆ ಹೆಂಡತಿ. ಅವನು ನನಗಿಂತ ಚಿಕ್ಕವನು, ಮನಸ್ಸು ಒಪ್ಪುತ್ತಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ಬಾಡಿಗೆ ಜಾಸ್ತಿಯಾದರೆ ಮಳಿಗೆ ಬಿಡಿ. ದಿಕ್ಕಿಗಾಗಿ ಬಿಡಬೇಡಿ. ವಾಸ್ತುವಿನ ಈಶಾನ್ಯವನ್ನು ಇದರ ಜೊತೆ ಕಲಸಬೇಡಿ. ಐ ಚಿಂಗ್‌ನಲ್ಲಿ ಮೂರು ಗೆರೆಯ ಎಂಟು ಮೂಲ ಚಿಹ್ನೆಗಳಿವೆ, ಒಂದರ ಮೇಲೊಂದು ಇಟ್ಟರೆ ನಿಮಗೆ ಬಂದಂಥ ಆರು ಗೆರೆಯ ಚಿಹ್ನೆ. ಆ ಎಂಟನ್ನು ದಿಕ್ಕುಗಳಿಗೆ ಹಂಚುವ ಒಂದು ಹಳೆಯ ಕ್ರಮವಿದೆ. ಅದರಲ್ಲಿ ಈಶಾನ್ಯಕ್ಕೆ ಬೆಟ್ಟ, ನೈರುತ್ಯಕ್ಕೆ ನೆಲ. ಬೆಟ್ಟ ಹತ್ತುವ ಹಟ ಬಿಡು, ಸಮ ನೆಲದಲ್ಲಿ ನಡೆ. ನಾನು ಅದನ್ನು ಓದಿಕೊಳ್ಳುವುದು ಹೀಗೆ.

39ನೇ ಚಿಹ್ನೆಯ ಚಿತ್ರವೂ ಅದೇ. ಕೆಳಗೆ ಬೆಟ್ಟ, ಅದರ ಮೇಲೆ ನೀರು. ಆರು ಗೆರೆಗಳಲ್ಲಿ ನಾಲ್ಕರ ಮಾತು ‘ಹೋದರೆ ಅಡ್ಡಿ’ ಎಂದೇ ಶುರುವಾಗುತ್ತದೆ. ಮುಂದೆ ಅಪಾಯ ಕಂಡು ನಿಲ್ಲಬಲ್ಲವನೇ ಜಾಣ ಎನ್ನುತ್ತದೆ ಹಳೆಯ ವ್ಯಾಖ್ಯಾನ. ನಿಲ್ಲುವುದೆಂದರೆ ಕೈ ಕಟ್ಟಿ ಕೂರುವುದಲ್ಲ, ತನ್ನನ್ನು ತಾನು ತಿದ್ದಿಕೊಳ್ಳಲು ಆ ಹೊತ್ತು. ಹಾಗಂತ ತಪ್ಪೆಲ್ಲ ನಿಮ್ಮದೇ ಎಂದು ಕೊರಗಬೇಡಿ. ಎರಡನೇ ಗೆರೆಯಲ್ಲಿ ರಾಜನ ಸೇವಕನೊಬ್ಬ ಬರುತ್ತಾನೆ. ಅವನಿಗೆ ಅಡ್ಡಿಯ ಮೇಲೆ ಅಡ್ಡಿ, ಆದರೆ ಅದು ಅವನಿಂದಾದದ್ದಲ್ಲ. ನನಗೆ ಈ ಪುಸ್ತಕ ಇಷ್ಟವಾಗುವುದು ಇಂಥ ಕಡೆ.

ಈಗ ನಿಮ್ಮ 9. ಗೆರೆಗಳನ್ನು ಕೆಳಗಿನಿಂದ ಎಣಿಸಬೇಕು. (ನಾನು ಹಾಕುವುದು ಎರಡು ರೂಪಾಯಿಯ ಮೂರು ನಾಣ್ಯ, ಸಿಂಹ ಮೇಲಾದರೆ 3, ಇಲ್ಲದಿದ್ದರೆ 2, ಮೂರನ್ನೂ ಕೂಡಿಸಿದ್ದು ಆ ಗೆರೆಯ ಸಂಖ್ಯೆ. ಮೂರೂ ಸಿಂಹ ಬಿದ್ದರೆ 9.) ಐದನೇ ಗೆರೆ ಹೇಳುವುದು ಇಷ್ಟೇ: ದೊಡ್ಡ ಅಡ್ಡಿ, ಗೆಳೆಯರು ಬರುತ್ತಾರೆ. 9 ಬಿದ್ದ ಗೆರೆ ಬದಲಾಗುತ್ತದೆ, ಇಡಿಯಾಗಿದ್ದ ಗೆರೆ ನಡುವೆ ತುಂಡಾದ ಗೆರೆಯಾಗುತ್ತದೆ. ಆಗ ಮೇಲಿದ್ದ ನೀರು ಹೋಗಿ ನೆಲ ಬರುತ್ತದೆ. ಅದು 15ನೇ ಚಿಹ್ನೆ, ವಿನಯ. ಬೆಟ್ಟ ನೆಲದ ಕೆಳಗೆ ಕೂತಿದೆ ನೋಡಿ! 64 ಚಿಹ್ನೆಗಳಲ್ಲಿ ಆರಕ್ಕೆ ಆರೂ ಗೆರೆ ಒಳ್ಳೆಯದನ್ನೇ ಹೇಳುವುದು ಇದೊಂದೇ ಅಂತಾರೆ.

ನಾಣ್ಯಕ್ಕೆ ನಿಮ್ಮ ಬಾಮೈದ ಗೊತ್ತಿತ್ತು ಅಂತ ನಾನು ನಂಬುವುದಿಲ್ಲ. ನಿಮಗೆ ಗೊತ್ತಿತ್ತು. ಅದಕ್ಕೇ ಕೇಳದಿದ್ದರೂ ಅವನ ವಿಷಯ ಬರೆದಿದ್ದೀರಿ. ಅವನ ಹತ್ತಿರ ದುಡ್ಡು ಕೇಳಬೇಡಿ, ಅರ್ಜಿ ತೋರಿಸಿ. ಒಲೆ, ಮಿಕ್ಸಿಂಗ್ ಮೆಷಿನ್, ಮೈದಾ, ಕೆಲಸದವರ ಸಂಬಳ, ಯಾವ ಲೆಕ್ಕ ಸರಿಯಿಲ್ಲ ಎಂದು ಆ ಕೆಲಸ ಮಾಡಿದವನಿಗೆ ಗೊತ್ತಿರುತ್ತದೆ.

ಮತ್ತೆ ನಾಣ್ಯ ಹಾಕುವುದು ಬೇಡ. 4ನೇ ಚಿಹ್ನೆಯಲ್ಲೇ ಬರೆದಿದೆ: ಮೊದಲ ಸಲ ಕೇಳಿದರೆ ಹೇಳುತ್ತೇನೆ, ಎರಡು ಮೂರು ಸಲ ಕೇಳಿದರೆ ಅದು ಅಗೌರವ, ಆಗ ಹೇಳುವುದಿಲ್ಲ. ಹರಿಹರಕ್ಕೆ ಮಧ್ಯಾಹ್ನ ಹೋಗಿ. ಸಂಜೆ ಬೇಕರಿಯಲ್ಲಿ ಅವನಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ.