ನಾಟಿಂಗ್‌ಹ್ಯಾಮ್‌ನಲ್ಲಿ ನಾಯಿ ರೇಸ್ ಟ್ರೇನರ್ ಆಗಬೇಕು ಅಂದವರಿಗೆ

ಮುಧೋಳದ ಕಡೆಯವರು, ಮನೆಯಲ್ಲಿ ಬೇಟೆನಾಯಿ ಸಾಕಿದವರು, ಈಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೀರಿ. ಕೋಲ್ವಿಕ್ ಪಾರ್ಕ್‌ನಲ್ಲಿ ಗ್ರೇಹೌಂಡ್ ರೇಸ್ ನೋಡಿ ಬಂದ ಮೇಲೆ ತಲೆಯಲ್ಲಿ ಅದೇ ಗುಂಗು. "ಅಣ್ಣಾ, ಇಲ್ಲಿ ಚಾರ್ಲಿ ಲಿಸ್ಟರ್ ಅನ್ನೋ ಟ್ರೇನರ್‌ಗೆ ಸರ್ಕಾರದಿಂದ ದೊಡ್ಡ ಗೌರವ ಸಿಕ್ಕಿದೆಯಂತೆ, ನಾನೂ ಈ ಲೈನಿಗೆ ಬರಬಹುದಾ, ದುಡ್ಡಿದೆಯಾ" ಅಂತ ಕೇಳಿದ್ದೀರಿ. ಗೌರವದ ವಿಷಯ ನಿಜ, 2011ರಲ್ಲಿ ಅವರಿಗೆ ಓಬಿಇ ಅನ್ನೋ ಬ್ರಿಟನ್ನಿನ ರಾಷ್ಟ್ರೀಯ ಗೌರವ ಬಂತು.

ಮೊದಲು ವೀಸಾ ಮಾತು ಮುಗಿಸಿಬಿಡೋಣ. ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಸ್ವಂತ ಧಂದೆ ಮಾತ್ರ ಮಾಡುವ ಹಾಗಿಲ್ಲ. ಟ್ರೇನರ್ ಅಂದರೆ ಸ್ವಂತ ಧಂದೆಯೇ. ಕೆನಲ್‌ನಲ್ಲಿ, ಅಂದರೆ ನಾಯಿ ಸಾಕೋ ಜಾಗದಲ್ಲಿ, ಕೆಲಸಕ್ಕೆ ಯಾರಾದರೂ ವೀಸಾ ಸ್ಪಾನ್ಸರ್ ಮಾಡುತ್ತಾರೆ ಅನ್ನೋ ಆಸೆಯೂ ಬೇಡ. ಹಾಗಾಗಿ ಓದು ಬಿಡಬೇಡಿ.

ಈಗ ಲಿಸ್ಟರ್ ವಿಷಯ. ಅವರ ಕೆನಲ್ ಇದ್ದದ್ದು ನಿಮ್ಮ ಪಕ್ಕದಲ್ಲೇ, ನ್ಯೂವಾರ್ಕ್ ಹತ್ತಿರ. ಶುರು ಮಾಡಿದ್ದು ಫ್ಲ್ಯಾಪಿಂಗ್ ಟ್ರ್ಯಾಕ್‌ಗಳಲ್ಲಿ, ಅಂದರೆ ಲೈಸೆನ್ಸ್ ಇಲ್ಲದ ಸಣ್ಣ ಟ್ರ್ಯಾಕ್‌ಗಳಲ್ಲಿ. ಈ ದೇಶದ ದೊಡ್ಡ ರೇಸ್ ಇಂಗ್ಲಿಷ್ ಗ್ರೇಹೌಂಡ್ ಡರ್ಬಿ. ಅದನ್ನು ಮೊದಲ ಸಲ ಗೆದ್ದದ್ದು 1997ರಲ್ಲಿ, ಸಮ್ ಪಿಕ್ಚರ್ ಅನ್ನೋ ನಾಯಿಯಿಂದ. ಆಮೇಲೆ ರ್‍ಯಾಪಿಡ್ ರೇಂಜರ್ 2000ದಲ್ಲೂ ಗೆದ್ದಿತು, 2001ರಲ್ಲೂ ಗೆದ್ದಿತು. ಡರ್ಬಿಯನ್ನು ಒಂದೇ ನಾಯಿ ಎರಡು ಸಲ ಗೆಲ್ಲೋದು ಅಂದರೆ ಸುಮ್ನೆ ಅಲ್ಲ, ಅದಕ್ಕೂ ಮುಂಚೆ ಮಿಕ್ ದಿ ಮಿಲ್ಲರ್ ಮತ್ತು ಪ್ಯಾಟ್ರಿಶಿಯಾಸ್ ಹೋಪ್ ಎರಡೇ ನಾಯಿಗಳು ಅದನ್ನು ಮಾಡಿದ್ದವು. 2003ರಲ್ಲಿ ಫಾರ್ಲೋ ವರ್ಡಿಕ್ಟ್. ಆಮೇಲೆ ಆರು ವರ್ಷ ಒಂದು ಡರ್ಬಿಯೂ ಇಲ್ಲ. 2010ರಲ್ಲಿ ಬ್ಯಾಂಡಿಕೂಟ್ ಟಿಪೋಕಿ ಗೆದ್ದಾಗ ಐದು ಡರ್ಬಿ ಆಯಿತು, 1948ರಿಂದ 1954ರ ನಡುವೆ ಲೆಸ್ಲಿ ರೆನಾಲ್ಡ್ಸ್ ಮಾಡಿಟ್ಟಿದ್ದ ದಾಖಲೆಗೆ ಸಮ. ಮರುವರ್ಷ ಟೇಲರ್ಸ್ ಸ್ಕೈ ಅದನ್ನು ಮುರಿಯಿತು, 2013ರಲ್ಲಿ ಸಿಡಾಜ್ ಜ್ಯಾಕ್ ಏಳನೆಯದನ್ನು ತಂದುಕೊಟ್ಟಿತು. ಆ ಆರು ಖಾಲಿ ವರ್ಷಗಳನ್ನು ಸ್ವಲ್ಪ ಗಮನಿಸಿ. ಹೆಸರು, ಅನುಭವ, ನಾಯಿ ಕಳಿಸೋ ಮಾಲೀಕರು ಎಲ್ಲ ಇದ್ದವರ ಕಥೆಯೇ ಇದು.

ಟ್ರೇನರ್ ಕೆಲಸ ಓಟ ಕಲಿಸೋದು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಓಡೋದು ಗ್ರೇಹೌಂಡ್ ಜಾತಿಯ ರಕ್ತದಲ್ಲೇ ಇದೆ, ಮುಧೋಳ ನಾಯಿ ಸಾಕಿದ ನಿಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ನಿಜವಾದ ಕೆಲಸ ಕೈಯಲ್ಲಿದೆ. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಒಂದು ಕೆನಲ್‌ನಲ್ಲಿ ವೀಕೆಂಡ್ ಕೆಲಸ ಮಾಡುತ್ತಿದ್ದೆ. ಜನವರಿಯಲ್ಲಿ ಬೆಳಕು ಹರಿಯೋ ಮುಂಚೆ ನಾಯಿಗಳನ್ನು ಹೊರಗೆ ಬಿಡಬೇಕು, ಕೆನಲ್ ತೊಳೆಯಬೇಕು, ಊಟ ತೂಕ ಮಾಡಿ ಹಾಕಬೇಕು. ಅಲ್ಲಿನ ಟ್ರೇನರ್ ಒಂದೊಂದು ನಾಯಿಯನ್ನೂ ಬೆಂಚಿನ ಮೇಲೆ ನಿಲ್ಲಿಸಿ, ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಭುಜದಿಂದ ತೊಡೆಯವರೆಗೆ ಕೈ ಆಡಿಸುತ್ತಿದ್ದರು. ಎಲ್ಲಾದರೂ ನಾಯಿ ಚೂರು ಬಿಗಿ ಹಿಡಿದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಕಾಲ್ಬೆರಳ ಸಂದಿ ಬಿಡಿಸಿ, ಮರಳು ಸಿಕ್ಕಿ ಗಾಯವಾಗಿದೆಯಾ ಅಂತ ನೋಡೋದು. ಟ್ರ್ಯಾಕ್ ಯಾವಾಗಲೂ ಎಡಕ್ಕೇ ತಿರುಗುತ್ತದೆ, ಅದಕ್ಕೇ ಹಿಂದಿನ ಬಲಗಾಲಿನ ಕೀಲು ಮುರಿಯೋದು ಜಾಸ್ತಿ. ಆ ಕೀಲನ್ನು ಅವರು ಎರಡೆರಡು ಸಲ ಮುಟ್ಟಿ ನೋಡುತ್ತಿದ್ದರು.

ತೂಕದ್ದೇ ಇನ್ನೊಂದು ತಲೆನೋವು. ರೇಸಿಗೆ ಮುಂಚೆ ನಾಯಿಯನ್ನು ತೂಗುತ್ತಾರೆ, ಹಿಂದಿನ ಸಲಕ್ಕಿಂತ ಒಂದು ಕಿಲೋಗಿಂತ ಜಾಸ್ತಿ ಏರುಪೇರಾಗಿದ್ದರೆ ಓಡಿಸುವುದಿಲ್ಲ. ವ್ಯಾನಿನಲ್ಲಿ ಅಷ್ಟು ದೂರ ಬಂದದ್ದು ದಂಡ. ಇಷ್ಟೆಲ್ಲ ಮಾಡಿದ ಮೇಲೆ ರೇಸ್ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಅದೂ ಮೊದಲನೇ ತಿರುವಿನಲ್ಲಿ ಪಕ್ಕದ ನಾಯಿ ಗುದ್ದದೇ ಇದ್ದರೆ.

ದುಡ್ಡು? ಮಾಲೀಕರು ನಾಯಿಗೆ ಇಷ್ಟು ಅಂತ ಕೆನಲ್ ಖರ್ಚು ಕೊಡುತ್ತಾರೆ, ಸಾಧಾರಣ ರೇಸಿನ ಬಹುಮಾನ ಸಣ್ಣದು. ಡರ್ಬಿಯ ದೊಡ್ಡ ಮೊತ್ತ ವರ್ಷಕ್ಕೆ ಒಂದೇ ನಾಯಿಗೆ. ಬಹಳ ಟ್ರೇನರ್‌ಗಳಿಗೆ ಬೇರೆ ಕೆಲಸವೂ ಇರುತ್ತದೆ.

ಮೇಲಾಗಿ ಧಂದೆಯೇ ಕುಗ್ಗುತ್ತಿದೆ. ಲಿಸ್ಟರ್ ಏಳೂ ಡರ್ಬಿ ಗೆದ್ದದ್ದು ಲಂಡನ್ನಿನ ವಿಂಬಲ್ಡನ್ ಟ್ರ್ಯಾಕ್‌ನಲ್ಲಿ. ಅದು 2017ರಲ್ಲಿ ಮುಚ್ಚಿತು, ಈಗ ಅಲ್ಲಿ ಫುಟ್‌ಬಾಲ್ ಸ್ಟೇಡಿಯಂ ಮತ್ತು ಫ್ಲ್ಯಾಟ್‌ಗಳಿವೆ. 1926ರಲ್ಲಿ ಈ ದೇಶದ ನಾಯಿ ರೇಸ್ ಶುರುವಾದ ಮ್ಯಾಂಚೆಸ್ಟರ್‌ನ ಬೆಲ್ ವ್ಯೂ 2020ರಲ್ಲಿ ಹೋಯಿತು. ರೇಸ್ ನಿಷೇಧಿಸುತ್ತೇವೆ ಅಂತ ವೇಲ್ಸ್ ಸರ್ಕಾರ 2025ರ ಫೆಬ್ರವರಿಯಲ್ಲಿ ಹೇಳಿತು. ಕಾರಣ ಇಲ್ಲದೆ ಇಲ್ಲ. 2024ರಲ್ಲಿ ನೂರಕ್ಕೂ ಹೆಚ್ಚು ನಾಯಿಗಳು ಟ್ರ್ಯಾಕಿನಲ್ಲೇ ಸತ್ತವು, ಗಾಯಗಳು ಸಾವಿರಗಟ್ಟಲೆ. ರೇಸ್ ನಡೆಸೋ ಮಂಡಳಿ ತಾನೇ ಪ್ರಕಟಿಸಿದ ಲೆಕ್ಕ ಇದು. ಹಾಗಂತ ಟ್ರೇನರ್‌ಗಳೆಲ್ಲ ಕಟುಕರು ಅಂತ ಬರೆಯೋರನ್ನು ನಾನು ಒಪ್ಪುವುದಿಲ್ಲ, ನಾಯಿ ಮುರಿದ ಕಾಲಲ್ಲಿ ಬಂದಾಗ ಅವರ ಮುಖ ನೋಡಿದ್ದೇನೆ. ಆದರೂ ಈಗ ಯಾರಾದರೂ ಹೊಸದಾಗಿ ಈ ಧಂದೆಗೆ ದುಡ್ಡು ಹಾಕುತ್ತೇನೆ ಅಂದರೆ ಬೇಡ ಅಂತಲೇ ಹೇಳುತ್ತೇನೆ.

ನಾಯಿ ಮೇಲಿನ ಪ್ರೀತಿಗೆ ಬೇರೆ ದಾರಿ ಇದೆ. ಗ್ರೇಹೌಂಡ್‌ಗಳು ನಾಲ್ಕೈದು ವರ್ಷಕ್ಕೆ ರಿಟೈರ್ ಆಗುತ್ತವೆ, ಅವಕ್ಕೆ ಮನೆ ಹುಡುಕುವ ಕೆನಲ್‌ಗಳಿಗೆ ವಾಕ್ ಮಾಡಿಸೋ ಜನ ಯಾವಾಗಲೂ ಬೇಕು. ಸಂಬಳ ಇಲ್ಲ. ವೀಸಾಕ್ಕೆ ಇದು ಸರಿಯಾ ಅಂತ ಒಂದು ಮಾತು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿ ಹೋಗಿ. ಕೆನಲ್‌ಗಳು ಬಸ್ ಹೋಗದ ಹಳ್ಳಿ ರಸ್ತೆಯಲ್ಲಿರುತ್ತವೆ, ನಮ್ಮ ಊರಿನ ಲೈಸೆನ್ಸ್ ಇಲ್ಲಿ 12 ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಇಲ್ಲಿನ ಡ್ರೈವಿಂಗ್ ಟೆಸ್ಟ್ ಪಾಸ್ ಮಾಡಿಕೊಳ್ಳಿ. ಮಂಡಿವರೆಗಿನ ರಬ್ಬರ್ ಬೂಟು ಮಾತ್ರ ಈ ವಾರವೇ ತಗೊಳ್ಳಿ, ನಿಮ್ಮ ಸ್ಪೋರ್ಟ್ಸ್ ಶೂ ಅಲ್ಲಿನ ಕೆಸರಿನಲ್ಲಿ ಒಂದು ಬೆಳಗ್ಗೆಯೂ ಬಾಳುವುದಿಲ್ಲ.