ಮಗು ದೊಡ್ಡದಾಗುವವರೆಗೆ ಮಗಳು ಕಾಯಬೇಕೆ?

ಮೈಸೂರಿನ ಕುವೆಂಪುನಗರದ ಓದುಗರೊಬ್ಬರ ಪತ್ರ: ‘ಮಗಳು ಬಿ.ಎಸ್ಸಿ. ನರ್ಸಿಂಗ್ ಓದಿದ್ದಾಳೆ. ಅಳಿಯನಿಗೆ ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಓದಿದ ವಿದೇಶಿಯರಿಗೆ ಅಲ್ಲಿದ್ದು ದುಡಿಯಲು ಕೊಡುವ ಪರವಾನಗಿ) ಸಿಕ್ಕಿದೆ. ಮಗುವಿಗೆ ಹನ್ನೊಂದು ತಿಂಗಳು. ಅಲ್ಲಿ ಸರ್ಕಾರವೇ ಮಕ್ಕಳಿಗೆ ಹಣ ಕೊಡುತ್ತದಂತೆ, ಹೆಂಡತಿ ಮನೆಯಲ್ಲಿದ್ದರೆ ತೆರಿಗೆಯೂ ಕಡಿಮೆಯಂತೆ. ಮೂರು ವರ್ಷ ಬಿಟ್ಟು ಕೆಲಸ ನೋಡಿಕೊಂಡರಾಗದೆ?’

ಸಂಪಾದಕರ ಉತ್ತರ:

ಬೇಡಮ್ಮ, ಅಷ್ಟು ಕಾಯುವುದು ಬೇಡ. ಸೌಲಭ್ಯ ಹೆಚ್ಚಿರುವ ದೇಶಗಳಲ್ಲೇ ಹೊರಗಿನಿಂದ ಬಂದ ಹೆಂಗಸರು ಮನೆಯಲ್ಲಿ ಉಳಿದುಬಿಡುವುದುಂಟು. ಸ್ವೀಡನ್ನನ್ನೇ ನೋಡಿ: ಅಲ್ಲಿ ಮನೆಯಲ್ಲಿದ್ದು ಮಗುವನ್ನು ನೋಡಿಕೊಳ್ಳಲು ಪ್ರತಿ ಮಗುವಿಗೆ ತಂದೆ-ತಾಯಿ ಇಬ್ಬರಿಗೂ ಸೇರಿ 480 ದಿನಗಳ ಭತ್ಯೆ ಇದೆ. ಮೊದಲು, ಎರಡು-ಮೂರು ವರ್ಷ ತುಂಬಿದ ಮಕ್ಕಳೊಂದಿಗೆ ಹೊರದೇಶದಿಂದ ಬಂದವರಿಗೂ ಅದು ಪೂರ್ತಿ ಸಿಗುತ್ತಿತ್ತು. ಇಬ್ಬರು ಮಕ್ಕಳಿದ್ದ ತಾಯಿ ಭಾಷಾ ತರಗತಿಯ ಮುಖ ಕಾಣದೆ ವರ್ಷಗಟ್ಟಲೆ ಮನೆಯಲ್ಲಿರಬಹುದಿತ್ತು. 2017ರ ಜುಲೈಯಿಂದ ನಿಯಮ ಬಿಗಿಯಾಯಿತು: ಮಗು ತನ್ನ ಎರಡನೇ ವರ್ಷದಲ್ಲಿ ಬಂದರೆ 200 ದಿನ, ಆಮೇಲೆ ಬಂದರೆ 100.

ಜರ್ಮನಿಯಲ್ಲಿ ತೊಡಕು ತೆರಿಗೆಯಲ್ಲಿದೆ. ತಿಂಗಳ ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂಬುದಕ್ಕೆ ಅಲ್ಲಿ ವರ್ಗಗಳಿವೆ. ದಂಪತಿ 3–5 ವರ್ಗ ಆರಿಸಿಕೊಂಡರೆ ಗಂಡನಿಗೆ 3, ಹೆಂಡತಿಗೆ 5; ಆಗ 5ರಲ್ಲಿರುವ ಮಗಳ ಸಂಬಳದ ಚೀಟಿಯಲ್ಲಿ ಕಡಿತ ವಿಪರೀತ ಕಾಣುತ್ತದೆ. ‘ಇಷ್ಟಕ್ಕೆ ಯಾಕೆ ದುಡಿಯಬೇಕು’ ಎನ್ನಿಸುವುದು ಆಗಲೇ. ವರ್ಷದ ಲೆಕ್ಕ ಸಲ್ಲಿಸಿದಾಗ ಒಟ್ಟು ತೆರಿಗೆ ಒಂದೇ ಆಗುತ್ತದೆ, ಆದರೆ ಮುಂದಿನ ಹೆರಿಗೆಯ ನಂತರದ ಭತ್ಯೆಯನ್ನೂ ನಿರುದ್ಯೋಗ ಭತ್ಯೆಯನ್ನೂ ಕೈಗೆ ಬಂದ ಸಂಬಳ ನೋಡಿ ಲೆಕ್ಕ ಹಾಕುವುದರಿಂದ ಅವು ಕುಗ್ಗುತ್ತವೆ. ಇಬ್ಬರಿಗೂ ಒಂದೇ ವರ್ಗವಾದ 4–4ರಲ್ಲೇ ಇರಲಿ. ‘ಮಿನಿ ಜಾಬ್’ ಎಂಬ ಕಡಿಮೆ ಸಂಬಳದ ಸಣ್ಣ ಕೆಲಸಕ್ಕೆ ನಿರುದ್ಯೋಗ ವಿಮೆಯೇ ಇಲ್ಲ, ಅದರಲ್ಲಿ ನಿಲ್ಲುವುದು ಬೇಡ.

ಬ್ಲೂ ಕಾರ್ಡ್‌ನವರ ಹೆಂಡತಿಗೆ ಕೆಲಸ ಮಾಡುವ ಅನುಮತಿ ಮೊದಲಿಂದಲೇ ಇರುತ್ತದೆ. ನರ್ಸ್ ಆಗಿ ದುಡಿಯಲು ಮಾತ್ರ ಪದವಿಗೆ ಅಲ್ಲಿನ ರಾಜ್ಯದ ಮಾನ್ಯತೆ ಬೇಕು. ಅದರ ಕಾಗದಗಳನ್ನು ಊರು ಬಿಡುವ ಮುಂಚೆಯೇ ಕೂಡಿಸಿ: ಪದವಿ ಪತ್ರ, ಅಂಕಪಟ್ಟಿಗಳು, ನರ್ಸಿಂಗ್ ಕೌನ್ಸಿಲ್ ನೋಂದಣಿ, ಮುಖ್ಯವಾಗಿ ವಿಷಯವಾರು ಪಾಠ ಎಷ್ಟು ಗಂಟೆ, ವಾರ್ಡ್ ಕೆಲಸ ಎಷ್ಟು ಗಂಟೆ ಎಂಬ ದೃಢೀಕೃತ ಪಟ್ಟಿ. ಎಡವುವುದು ಈ ಪಟ್ಟಿಯಲ್ಲೇ. ಅವರು ಅದನ್ನು ಅಲ್ಲಿನ ನರ್ಸಿಂಗ್ ಓದಿಗೆ ಹೋಲಿಸುತ್ತಾರೆ; ಗಂಟೆ ನಮೂದಿಸದಿದ್ದರೆ ಓದಿದ್ದೂ ಕೊರತೆಯ ಲೆಕ್ಕಕ್ಕೆ ಹೋಗಬಹುದು. ಕೊರತೆ ತುಂಬಲು ಹೊಂದಾಣಿಕೆ ತರಬೇತಿ ಇಲ್ಲವೇ ಪರೀಕ್ಷೆ, ಎರಡರಲ್ಲೊಂದು.

ಜರ್ಮನ್ ಭಾಷೆ ಬಿ2 ಮಟ್ಟ ಮುಟ್ಟಬೇಕು (ಮೊದಲ ಮೆಟ್ಟಿಲು ಎ1, ಆಮೇಲೆ ಎ2, ಬಿ1, ಬಿ2). ಹೊಸದಾಗಿ ಬಂದವರಿಗೆ ಅಲ್ಲಿನ ಸರ್ಕಾರ ನಡೆಸುವ ಇಂಟಿಗ್ರೇಷನ್ ಕೋರ್ಸಿನ 600 ಗಂಟೆಗಳ ಭಾಷಾಪಾಠದ ಗುರಿ ಬಿ1 ಅಷ್ಟೇ. ಎ1, ಎ2 ಮೈಸೂರಿನಲ್ಲೇ ಮುಗಿಸಿಕೊಂಡರೆ ಅಲ್ಲಿ ತಿಂಗಳುಗಳು ಉಳಿಯುತ್ತವೆ.

ವರ್ಷ ತುಂಬಿದ ಮಗುವಿಗೆ 2013ರ ಆಗಸ್ಟ್‌ನಿಂದ ಶಿಶುವಿಹಾರದ ಜಾಗ ಕಾನೂನಿನ ಹಕ್ಕು. ಆದರೂ ಎಷ್ಟೋ ಊರುಗಳಲ್ಲಿ ಜಾಗ ಸಾಲದು. ಮನೆ ಗೊತ್ತಾದ ದಿನವೇ ನಾಲ್ಕೈದು ಕಡೆ ಹೆಸರು ಬರೆಸಲಿ. ಇನ್ನೊಂದು ಮಾತು: ಆಸ್ಪತ್ರೆಯ ಬೆಳಗಿನ ಪಾಳಿ ಆರರ ಹೊತ್ತಿಗೆ ಶುರುವಾಗುತ್ತದೆ, ಬಹಳಷ್ಟು ಶಿಶುವಿಹಾರಗಳು ಅಷ್ಟು ಬೇಗ ಬಾಗಿಲು ತೆಗೆಯುವುದಿಲ್ಲ. ಆ ಹೊತ್ತಿನಲ್ಲಿ ಮಗುವನ್ನು ಯಾರು ಬಿಟ್ಟು ಬರುತ್ತಾರೆ ಎಂದು ಅಳಿಯಂದಿರೊಂದಿಗೆ ಈಗಲೇ ಮಾತಾಡಿ.