ಭಾನುವಾರದ ಕೆಫೆಯಲ್ಲಿ ಮೊಟ್ಟೆ ಬಿಟ್ಟು ಏನು ಸಿಗುತ್ತದೆ?

ಪ್ರಶ್ನೆ: ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ಅಕ್ಟೋಬರ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಭಾನುವಾರ ಬಂದರೆ ಅವಳೂ ಅಳಿಯನೂ ಮನೆ ಹತ್ತಿರದ ಕೆಫೆಗೆ ಬ್ರಂಚ್‌ಗೆ, ಅಂದರೆ ತಿಂಡಿಯೂ ಊಟವೂ ಸೇರಿದ್ದಕ್ಕೆ, ಹೋಗುತ್ತಾರಂತೆ. ನಮ್ಮನ್ನೂ ಕರೆದುಕೊಂಡು ಹೋಗುತ್ತಾಳಂತೆ. ‘ಅಲ್ಲಿ ವೆಜ್ ಬೇಕಾದಷ್ಟಿದೆ ಅಮ್ಮ’ ಅನ್ನುತ್ತಾಳೆ. ನಾವು ಮೊಟ್ಟೆ ಮುಟ್ಟುವವರಲ್ಲ. ನಮ್ಮೆಜಮಾನರಿಗೆ ಸಕ್ಕರೆ ಕಾಯಿಲೆ, ಎಂಟು ಗಂಟೆಗೆ ತಿಂಡಿ ಆಗಲೇಬೇಕು. ಏನು ಮಾಡೋದು?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ಯಜಮಾನರ ವಿಷಯ. ಅವರಿಗೆ ಎಂಟಕ್ಕೆ ಮನೆಯಲ್ಲೇ ತಿಂಡಿ ಕೊಟ್ಟು ಹೊರಡಿ. ಭಾನುವಾರ ಮಕ್ಕಳು ಎದ್ದು, ಸ್ನಾನ ಮಾಡಿ, ಕೆಫೆ ಮುಟ್ಟುವ ಹೊತ್ತಿಗೆ ಹತ್ತೂವರೆ ಆಗಿರುತ್ತದೆ. ಅಲ್ಲಿ ಬಾಗಿಲಲ್ಲೇ ಕ್ಯೂ. ಹೆಸರು ಬರೆಸಿ ಫುಟ್‌ಪಾತ್ ಮೇಲೆ ನಿಲ್ಲಬೇಕು. ಸುತ್ತ ನಾಯಿಗಳು, ತಳ್ಳುಗಾಡಿಯಲ್ಲಿ ಮಕ್ಕಳು. ಹೊಟ್ಟೆ ಹಸಿದವರಿಗೆ ಅದು ತಮಾಷೆಯಲ್ಲ.

ಇನ್ನು ಮೊಟ್ಟೆ. ಮಗಳು ಸುಳ್ಳು ಹೇಳಿಲ್ಲ. ನನ್ನ ಮಗಳು ಮೆಲ್ಬರ್ನ್‌ನ ಬ್ರನ್ಸ್‌ವಿಕ್ ಬಡಾವಣೆಯಲ್ಲಿದ್ದಾಗ ನಾನು ಅವಳ ಬೀದಿಯ ಮೂಲೆಯ ಕೆಫೆಗೆ ಖಾಯಂ ಗಿರಾಕಿಯಾಗಿದ್ದೆ. ಮೆನುವಿನ ಅರ್ಧ ಸಸ್ಯಾಹಾರವೇ. ಆದರೆ ತಿಂಡಿಯ ಪಕ್ಕ ಇಂಗ್ಲಿಷಿನ ‘ವಿ’ ಇದ್ದರೆ ಮಾಂಸ, ಮೀನು ಇಲ್ಲ ಅಂತ ಮಾತ್ರ. ಮೊಟ್ಟೆ ಇದೆ ಅಂತಲೇ ಇಟ್ಟುಕೊಳ್ಳಿ. ಬ್ರಂಚ್ ಅಂದರೆ ಅಲ್ಲಿಯವರಿಗೆ ಮೊದಲು ಮೊಟ್ಟೆ, ಆಮೇಲೆ ಉಳಿದದ್ದು.

ಹಾಗಾಗಿ ವೀಗನ್ ಗುರುತಿರುವ ತಿಂಡಿಯಿಂದ ಶುರು ಮಾಡಿ. ಕೆಲವು ಕಡೆ ಅದು ‘ವಿಜಿ’, ಕೆಲವು ಕಡೆ ‘ವಿಇ’. ಮೆನುವಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಕನ್ನಡಕ ಮರೆಯಬೇಡಿ. ಆ ತಿಂಡಿಯಲ್ಲಿ ಮೊಟ್ಟೆಯೂ ಇಲ್ಲ, ಹಾಲು ಬೆಣ್ಣೆಯೂ ಇಲ್ಲ. ನಿಮಗೆ ಬೆಣ್ಣೆ ಬೇಕಲ್ವಾ? ಕೇಳಿ ಹಾಕಿಸಿಕೊಳ್ಳಿ. ಆರ್ಡರ್ ತೆಗೆದುಕೊಳ್ಳುವ ಹುಡುಗಿ ‘ಎನಿ ಡಯಟರೀಸ್?’ ಅಂತ ತಾನೇ ಕೇಳುತ್ತಾಳೆ. ಪಥ್ಯ ಏನಾದರೂ ಇದೆಯಾ ಅಂತ. ‘ನೋ ಮೀಟ್, ನೋ ಫಿಶ್, ನೋ ಎಗ್, ಮಿಲ್ಕ್ ಓಕೆ’ ಅನ್ನಿ. ಕೊನೆಯ ಮಾತು ಬಿಟ್ಟರೆ ಕಾಫಿಗೆ ಓಟ್ಸ್ ಹಾಲು ಬಂದರೂ ಬಂತು. ಸಂಕೋಚ ಬೇಡ. ಪಕ್ಕದ ಟೇಬಲ್‌ನವರು ಗೋಧಿ ಬೇಡ, ಕಡಲೆಕಾಯಿ ಬೇಡ ಅಂತ ನಿಮಗಿಂತ ದೊಡ್ಡ ಪಟ್ಟಿ ಕೊಡುತ್ತಿರುತ್ತಾರೆ.

ಮೊಟ್ಟೆ ಕಣ್ಣಿಗೆ ಕಾಣದಂತೆ ಕೂತಿರುವ ಜಾಗಗಳೇ ಜಾಸ್ತಿ. ಹಳದಿ ಬಣ್ಣದ ಹಾಲಂಡೇಸ್ ಸಾಸ್ ಪೂರ್ತಿ ಮೊಟ್ಟೆಯ ಹಳದಿ ಮತ್ತು ಬೆಣ್ಣೆ. ಜೋಳದ ಫ್ರಿಟರ್ ನೋಡಿದರೆ ನಮ್ಮ ವಡೆ ಅನ್ನಿಸುತ್ತದೆ, ಹಿಟ್ಟು ಕಲಸಿರುವುದು ಮೊಟ್ಟೆಯಲ್ಲಿ. ಪ್ಯಾನ್‌ಕೇಕ್, ಫ್ರೆಂಚ್ ಟೋಸ್ಟ್, ಬ್ರಿಯೋಶ್ ಬನ್ ಕೇಳುವುದೇ ಬೇಡ. ಕ್ರೋಸಾಂ ಮಿಂಚುವುದು ಸಾಮಾನ್ಯವಾಗಿ ಮೇಲೆ ಸವರಿದ ಮೊಟ್ಟೆಯಿಂದ. ಮೊಟ್ಟೆ ಒಂದೇ ಅಲ್ಲ, ಅಸಲಿ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರೆ. ಹಾಟ್ ಚಾಕೊಲೇಟ್ ಜೊತೆ ಕೊಡುವ ಮಾರ್ಷ್‌ಮ್ಯಾಲೋದಲ್ಲಿ ಜೆಲಾಟಿನ್, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು. ಹ್ಯಾಶ್ ಬ್ರೌನ್ ಹೆಚ್ಚಾಗಿ ಆಲೂಗಡ್ಡೆಯೇ, ಆದರೆ ಮೊಟ್ಟೆ ಸೇರಿಸಿದ್ದಾರಾ, ಯಾವ ಎಣ್ಣೆಯಲ್ಲಿ ಏನೇನು ಕರಿದಿದ್ದಾರೆ ಅಂತ ಕೇಳಿ.

ಹಾಗಾದರೆ ತಿನ್ನೋದೇನು? ಸಾರ್‌ಡೋ ಬ್ರೆಡ್. ಹಿಟ್ಟು, ನೀರು, ಉಪ್ಪು ಹಾಕಿ ಹುಳಿ ಬರಿಸಿ ಸುಡುವುದು. ಅದರ ಮೇಲೆ ಬೆಳ್ಳುಳ್ಳಿ, ಥೈಮ್ ಸೊಪ್ಪು ಹಾಕಿ ಹುರಿದ ಅಣಬೆ. ನನ್ನನ್ನು ಕೇಳಿದರೆ ಇಡೀ ಮೆನುವಿನಲ್ಲಿ ಅದೇ ರಾಜ. ಹೆಸರು ಮಾಡಿರುವುದು ಮಾತ್ರ ಅವಕಾಡೊ ಟೋಸ್ಟ್. ನಮ್ಮ ಕೊಡಗಿನ ಬೆಣ್ಣೆಹಣ್ಣೇ. ನಾವು ಸಕ್ಕರೆ, ಹಾಲು ಹಾಕಿ ಜ್ಯೂಸ್ ಮಾಡುತ್ತೇವೆ, ಅವರು ಉಪ್ಪು, ನಿಂಬೆರಸ, ಒಣಮೆಣಸಿನ ಚೂರು ಹಾಕಿ ಜಜ್ಜಿ ಬ್ರೆಡ್ಡಿಗೆ ಮೆತ್ತುತ್ತಾರೆ. ಸಿಡ್ನಿಯಲ್ಲಿ ಬಿಲ್ ಗ್ರೇಂಜರ್ ಎಂಬವರು 1993ರಲ್ಲಿ ತೆರೆದ ಕೆಫೆಯಿಂದ ಇದು ಹಬ್ಬಿತು ಅನ್ನುತ್ತಾರೆ. ಚೆನ್ನಾಗಿರುತ್ತದೆ, ಇಲ್ಲ ಅನ್ನಲ್ಲ. ಆದರೆ 20–25 ಡಾಲರ್ ಕೊಡುವಷ್ಟಾ? ಒಮ್ಮೆ ತಿನ್ನಿ, ಸಾಕು. ಮೇಲೆ ಪೋಚ್ಡ್ ಎಗ್ ಕೂರಿಸಿಯೇ ಕೊಡುವುದು ರೂಢಿ, ಮೊದಲೇ ಬೇಡ ಅನ್ನಿ. ಬ್ರೆಡ್ಡಿಗೆ ಸವರುವ ಕಪ್ಪಗಿನ ವೆಜಿಮೈಟ್ ಮೆಲ್ಬರ್ನ್‌ನಲ್ಲೇ ಹುಟ್ಟಿದ್ದು, ಶುದ್ಧ ಸಸ್ಯಾಹಾರ. ಆದರೆ ವಿಪರೀತ ಉಪ್ಪು. ಅಳಿಯ ಒತ್ತಾಯ ಮಾಡಿದರೆ ಚಮಚದ ತುದಿಯಷ್ಟು ಬೆಣ್ಣೆಯ ಜೊತೆ ಸವರಿಕೊಳ್ಳಿ.

ಕಾಫಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡನೇ ಮಹಾಯುದ್ಧದ ನಂತರ ಬಂದ ಇಟಲಿಯವರು, ಗ್ರೀಕರು ಈ ಊರಿಗೆ ಎಸ್‌ಪ್ರೆಸೊ ರುಚಿ ಹತ್ತಿಸಿದರು. ಬರ್ಕ್ ಸ್ಟ್ರೀಟ್‌ನ ಪೆಲಗ್ರೀನೀಸ್ ಕೆಫೆ 1954ರಿಂದ ಇದೆ. ಸ್ಟಾರ್‌ಬಕ್ಸ್‌ನಂಥ ಸ್ಟಾರ್‌ಬಕ್ಸೇ 2008ರಲ್ಲಿ ಆಸ್ಟ್ರೇಲಿಯಾದ 84 ಅಂಗಡಿಗಳಲ್ಲಿ 61ನ್ನು ಮುಚ್ಚಿತು ಅಂದರೆ ಸ್ಥಳೀಯ ಕೆಫೆಗಳ ಜೋರು ಗೊತ್ತಾಗುತ್ತದೆ. ಫ್ಲಾಟ್ ವೈಟ್ ತೆಗೆದುಕೊಳ್ಳಿ, ಎಸ್‌ಪ್ರೆಸೊಗೆ ಬಿಸಿ ಹಾಲು ಹಾಕಿದ್ದು. ಹಾಲನ್ನು ಅವರು ಅರವತ್ತು–ಅರವತ್ತೈದು ಡಿಗ್ರಿಗೆ ನಿಲ್ಲಿಸುತ್ತಾರೆ, ಕುದಿಯುವ ಕಾಫಿ ಕುಡಿದ ನಮ್ಮ ನಾಲಿಗೆಗೆ ಅದು ಆರಿದ ಹಾಗೆ. ‘ಎಕ್ಸ್‌ಟ್ರಾ ಹಾಟ್’ ಅಂತ ಹೇಳಿ. ಸಕ್ಕರೆ ಬೇರೆ ಕೊಡುತ್ತಾರೆ, ಅದು ಯಜಮಾನರಿಗೆ ಒಳ್ಳೆಯದೇ ಆಯಿತು. ಚಾಯ್ ಲಾಟೆಯಿಂದ ಅವರನ್ನು ದೂರ ಇಡಿ. ಹೆಚ್ಚಿನ ಕಡೆ ಅದು ಸಿಹಿ ಪುಡಿ ಇಲ್ಲವೇ ಸಿರಪ್.

ಪ್ರಶ್ನೆ: ಮೆಲ್ಬರ್ನ್‌ಗೆ ಹೋಗಿ ಬಂದ ಸ್ನೇಹಿತರು, ಭಾನುವಾರ ಬಿಲ್ ಜಾಸ್ತಿ ಬರುತ್ತದೆ ಅಂದರು. ಪ್ರವಾಸಿಗರು ಅಂತ ಸುಲಿಯುತ್ತಾರಾ? ಟಿಪ್ಸ್ ಎಷ್ಟು ಕೊಡಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸುಲಿಗೆ ಅಲ್ಲ. ವಾರಾಂತ್ಯದಲ್ಲಿ, ರಜೆಯ ದಿನ ಕೆಲಸದವರಿಗೆ ಕಾನೂನಿನ ಪ್ರಕಾರ ಹೆಚ್ಚು ಕೂಲಿ ಕೊಡಬೇಕು. ಅದಕ್ಕೆ ಎಷ್ಟೋ ಕೆಫೆಗಳು ಭಾನುವಾರ ನೂರಕ್ಕೆ 10, ಸರ್ಕಾರಿ ರಜೆಯ ದಿನ 15ರಷ್ಟು ಸೇರಿಸುತ್ತವೆ. ಮೆನುವಿನಲ್ಲಿ ಬರೆದಿರಲೇಬೇಕು, ಬರೆದಿರುತ್ತಾರೆ. ನವೆಂಬರ್ ಮೊದಲ ಮಂಗಳವಾರ ಕುದುರೆ ರೇಸಿಗೆ ಅಂತ ಆ ಊರಿಗೇ ರಜೆ. ಅವತ್ತು ಮನೆಯಲ್ಲೇ ಉಪ್ಪಿಟ್ಟು ಮಾಡಿ. ಟಿಪ್ಸ್ ಕಡ್ಡಾಯವಲ್ಲ, ಕೊಡದಿದ್ದರೆ ಯಾರೂ ಮುಖ ಸಿಂಡರಿಸಲ್ಲ. ಕುಡಿಯುವ ನೀರಿಗೂ ದುಡ್ಡಿಲ್ಲ, ಬಾಟಲಿಯಲ್ಲಿ ತಂದಿಡುತ್ತಾರೆ. ಸುಮ್ನೆ ಮಿನರಲ್ ವಾಟರ್ ಕೇಳಿ ಖರ್ಚು ಮಾಡಬೇಡಿ. ಡಾಲರನ್ನು ರೂಪಾಯಿಗೆ ಗುಣಿಸುತ್ತಾ ಕೂರಬೇಡಿ ಅಂತ ನಾನು ಹೇಳಿದರೂ ನೀವು ಗುಣಿಸುತ್ತೀರಿ. ಮನಸ್ಸಿನಲ್ಲೇ ಗುಣಿಸಿ, ಬಿಲ್ ಕೊಡುವವರ ಎದುರು ಬೇಡ.

ಪ್ರಶ್ನೆ: ಅತ್ತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಅಂಥವರಿಗೆ ಅಲ್ಲಿ ಏನಾದರೂ ಇದೆಯಾ?
– ಓದುಗರೊಬ್ಬರು, ಉಡುಪಿ

ಉತ್ತರ: ಇದೆ. ಬರ್ಶರ್ ಮ್ಯೂಸ್ಲಿ. ಓಟ್ಸ್, ತುರಿದ ಸೇಬು, ಮೊಸರು ಕಲಸಿ ರಾತ್ರಿಯೆಲ್ಲ ನೆನೆಸಿಟ್ಟದ್ದು. ಸ್ವಿಟ್ಜರ್ಲೆಂಡಿನ ಡಾಕ್ಟರೊಬ್ಬರು ರೋಗಿಗಳಿಗೆ ಅಂತ ಶುರು ಮಾಡಿದ ಪಥ್ಯದ ಊಟ, ಈಗ ಫ್ಯಾಷನ್. ಕೆಲವು ಮೊಸರಿಗೂ ಜೆಲಾಟಿನ್ ಹಾಕುತ್ತಾರೆ, ಅದೊಂದು ಕೇಳಿಕೊಳ್ಳಿ. ಒಣದ್ರಾಕ್ಷಿ ಹಾಕಿದ ಫ್ರೂಟ್ ಟೋಸ್ಟ್ ಬೆಣ್ಣೆಯ ಜೊತೆ ಸಿಗುತ್ತದೆ. ಅಣಬೆ, ಬೀನ್ಸ್, ಚಟ್ನಿಯಂಥ ರೆಲಿಶ್, ಇವುಗಳಲ್ಲಿ ಈರುಳ್ಳಿಯೋ ಬೆಳ್ಳುಳ್ಳಿಯೋ ಇದ್ದೇ ಇರುತ್ತದೆ. ಕೆಫೆ ಅಡುಗೆಮನೆ ಮಧ್ಯಾಹ್ನ ಎರಡು–ಮೂರಕ್ಕೆ ಮುಚ್ಚುತ್ತದೆ. ಅತ್ತೆಯವರ ಪೂಜೆ ಮುಗಿಯುವುದು ತಡವಾದರೆ ಮೊದಲೇ ಫೋನ್ ಮಾಡಿ ಕೇಳಿ ಹೊರಡಿ.